ಇಳಿದವರ ಫೋಟೋ ಸಾಕು, ಮತ್ತೆ ಏರಿದವರ ಕಥೆನೂ ಹಾಕಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಆರೋಗ್ಯದ ಪುಟದಲ್ಲಿ ತೂಕ ಇಳಿಸ್ಕೊಂಡವರ ಕಥೆ ಆಗಾಗ ಬರ್ತಾನೇ ಇರುತ್ತೆ, ಈ ಕಡೆ ಹಳೇ ಫೋಟೋ ಆ ಕಡೆ ಹೊಸದು, ಓದೋಕೆ ಖುಷಿನೇ ಬಿಡಿ. ಆದ್ರೆ ಅವರೆಲ್ಲ ಎರಡು ವರ್ಷ ಆದ್ಮೇಲೆ ಹೇಗಿದ್ದಾರೆ ಅಂತ ಒಂದ್ಸಲನೂ ಹಾಕಿದ್ದು ನಾನಂತೂ ನೋಡಿಲ್ಲ. ನಂಗೆ ಬೇಕಿರೋದು ಅದೇ. ಇಳಿಸೋದು ನಂಗೂ ಗೊತ್ತು ಸ್ವಾಮಿ, ಬೇಕಾದಷ್ಟು ಸಲ ಇಳಿಸಿದೀನಿ, ಇಳಿದಿದ್ದು ನಿಲ್ಲಲ್ಲ ಅಷ್ಟೇ.

ಎರಡನೇ ಬಾಣಂತನ ಮುಗಿಸ್ಕೊಂಡು ತವರಿಂದ ಬಂದಾಗ 81 ಕೆಜಿ ಇದ್ದೆ, ಅಮ್ಮ ತಿನ್ಸಿದ ತುಪ್ಪ ಕೊಬ್ಬರಿ ಅಂಟಿನುಂಡೆ ಎಲ್ಲ ಮೈಮೇಲೇ ಇತ್ತು. ರಾತ್ರಿ ಅನ್ನ ಬಿಟ್ಟೆ, ಬೆಳಿಗ್ಗೆ ಹೈಸ್ಕೂಲ್ ಫೀಲ್ಡಲ್ಲಿ ವಾಕಿಂಗ್, ಬೆಣ್ಣೆ ದೋಸೆ ಹೋಟ್ಲು ಮುಂದೆ ಹೋಗ್ಬೇಕಾದ್ರೆ ಆ ಕಡೆ ಫುಟ್‌ಪಾತ್, ಅಂತೂ ಇಂತೂ 72ಕ್ಕೆ ಬಂದೆ. ಆಮೇಲೆ ಶ್ರಾವಣ ಬಂತು ನೋಡಿ, ಹಬ್ಬದ ಹಿಂದೆ ಹಬ್ಬ, ಹೋಳಿಗೆ ಕಡುಬು ಚಕ್ಲಿ, ಮಳೆ ಬೇರೆ, ವಾಕಿಂಗೂ ನಿಂತೋಯ್ತು, ದೀಪಾವಳಿ ಮುಗ್ಸಿ ಹತ್ತಿ ನೋಡಿದ್ರೆ 79. ನಮ್ಮ ಬ್ಲೌಸ್ ಹೊಲಿಯೋ ಅಕ್ಕ ಈಗ ಅಳತೆ ಬಗ್ಗೆ ಕೇಳೋದೇ ಬಿಟ್ಟಿದ್ದಾಳೆ, ಸೈಡಲ್ಲಿ ಜಾಸ್ತಿ ಬಟ್ಟೆ ಬಿಟ್ಟು ಒಂದರ ಪಕ್ಕ ಒಂದು ನಾಲ್ಕು ಹೊಲಿಗೆ ಹಾಕೇ ಕೊಡ್ತಾಳೆ, ದಪ್ಪ ಆದ್ರೆ ಒಂದು ಬಿಚ್ಕೋ, ಸಣ್ಣ ಆದ್ರೆ ಬಾ ಹಾಕ್ಕೊಡ್ತೀನಿ ಅಂತ.

ಜನರದ್ದಂತೂ ಕೇಳ್ಬೇಡಿ. ದಪ್ಪ ಇದ್ದಾಗ "ಏನೇ ಇಷ್ಟೊಂದು ಊದಿದೀಯ" ಅಂದ ದೊಡ್ಡಮ್ಮನೇ 72 ಇದ್ದಾಗ ಮದುವೆ ಮನೇಲಿ ಕೆನ್ನೆ ಹಿಡಿದು "ಯಾಕೇ ಸೊರಗಿದೀಯ, ಶುಗರ್ ಏನಾದ್ರೂ ಬಂತಾ" ಅಂದ್ರು, ಅಂದಿದ್ದಲ್ದೆ ಎಲೆಗೆ ಇನ್ನೆರಡು ಹೋಳಿಗೆ ಹಾಕ್ಸಿದ್ರು.

ಡಾಕ್ಟ್ರು ಹೇಳಿದ್ಮೇಲೆ ಅರ್ಥ ಆಗಿದ್ದು ಏನಂದ್ರೆ, ಮೊದಲ ವಾರ ಸರ್ರಂತ ಎರಡು ಕೆಜಿ ಇಳಿಯುತ್ತಲ್ಲ ಅದ್ರಲ್ಲಿ ಬಹಳಷ್ಟು ಬರೀ ನೀರು, ಊಟ ಕಮ್ಮಿ ಮಾಡಿದಾಗ ಲಿವರ್ರು, ಮಾಂಸಖಂಡದಲ್ಲಿ ಕೂಡಿಟ್ಟಿರೋ ಸಕ್ಕರೆ, ಅಂದ್ರೆ ಗ್ಲೈಕೋಜನ್ ಖರ್ಚಾಗುತ್ತೆ, ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತೆ. ಎರಡು ದಿನ ಅನ್ನ ಉಂಡ್ರೆ ಅದು ವಾಪಸ್. ನಿಜವಾಗ್ಲೂ ಕೊಬ್ಬು ಇಳಿದ್ರೆ ಆಗ ಇನ್ನೊಂದು ಕಾಟ, ಲೆಪ್ಟಿನ್ ಅನ್ನೋ ಹಾರ್ಮೋನ್ ಕಮ್ಮಿಯಾಗಿ ಹಸಿವು ಜಾಸ್ತಿ ಆಗುತ್ತೆ, ಮೈ ಖರ್ಚು ಮಾಡೋ ಕ್ಯಾಲರಿನೂ ಇಳಿಯುತ್ತೆ. ಬಾಯಿ ಚಪಲ ಅಂತ ಎಲ್ಲಾರೂ ಬೈತಾರೆ, ಇದನ್ನ ಯಾರೂ ಹೇಳಲ್ಲ. ಮುದ್ದೆ ತಿಂದ್ರೆ ಸಣ್ಣ ಆಗ್ತಾರೆ ಅಂತನೂ ನಿಮ್ಮಲ್ಲೇ ಬಂದಿತ್ತು, 100 ಗ್ರಾಂ ರಾಗೀಲಿ ಸುಮಾರು 320 ಕ್ಯಾಲರಿ, ಅಕ್ಕೀಲಿ 350ರ ಆಸುಪಾಸು, ಅಂಥ ವ್ಯತ್ಯಾಸ ಏನಿಲ್ಲ. ನಾರು ಜಾಸ್ತಿ, ಹೊಟ್ಟೆ ತುಂಬಿದಂಗಿರುತ್ತೆ ಅನ್ನೋದು ನಿಜ, ಆದ್ರೆ ಎರಡು ಮುದ್ದೆ ಮೇಲೆ ಅನ್ನನೂ ಉಂಡ್ರೆ ರಾಗಿ ತಾನೇ ಏನ್ ಮಾಡುತ್ತೆ.

ಈಗ ಜಗಳದ ವಿಷಯಕ್ಕೆ ಬರ್ತೀನಿ. ಅದೇ ಪುಟದ ಕೆಳಗೆ "15 ದಿನದಲ್ಲಿ 10 ಕೆಜಿ ಗ್ಯಾರಂಟಿ" ಅಂತ ಮಾತ್ರೆ ಜಾಹೀರಾತು ಹಾಕ್ತೀರಲ್ಲ ಸಾರ್, ನಮ್ಮೆಜಮಾನ್ರದ್ದು ಮೆಡಿಕಲ್ ಶಾಪು, ಅದನ್ನ ಕತ್ತರಿಸಿ ಜೇಬಲ್ಲಿಟ್ಕೊಂಡು ಬಂದು ಇದು ಇದೆಯಾ ಅಂತ ಕೇಳೋರು ಎಷ್ಟು ಜನ ಗೊತ್ತಾ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೇಲಿ ಇಂತಿಂಥ ಕಾಯಿಲೆಗೆ ಔಷಧಿ ಅಂತ ಜಾಹೀರಾತು ಕೊಡ್ಬಾರ್ದು ಅಂತ ಒಂದು ಪಟ್ಟಿ ಇದೆ, ಅದ್ರಲ್ಲಿ ಬೊಜ್ಜೂ ಇದೆ, ಕೊಡೋರಿಗಷ್ಟೇ ಅಲ್ಲ ಪ್ರಕಟಿಸೋರಿಗೂ ಅನ್ವಯ. ಪೌಡರ್ ಮಾರೋರು ಇದು ಔಷಧಿ ಅಲ್ಲ ಫುಡ್ಡು ಅಂತ ಜಾರ್ಕೋತಾರೆ, ಅದಕ್ಕೂ 2006ರ ಆಹಾರ ಸುರಕ್ಷತಾ ಕಾಯ್ದೆ ಇದೆ, ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷದವರೆಗೂ ದಂಡ. ಈಗ ತೂಕ ಇಳಿಸೋ ಮೌಂಜಾರೋ ಇಂಜೆಕ್ಷನ್ ಕೇಳ್ಕೊಂಡೂ ಬರ್ತಾರೆ, 2025ರ ಮಾರ್ಚಲ್ಲಿ ಇಂಡಿಯಾಗೆ ಬಂದಿದ್ದು, ಡಾಕ್ಟ್ರು ಚೀಟಿ ಇಲ್ದೆ ನಮ್ಮವ್ರು ಕೊಡಲ್ಲ. ಅದು ಕೆಲಸ ಮಾಡುತ್ತೆ, ಆದ್ರೆ ನಿಲ್ಸಿದ್ರೆ ಸುಮಾರು ಜನಕ್ಕೆ ತೂಕ ವಾಪಸ್ ಬರುತ್ತೆ, ಅದನ್ನೂ ಬರೀರಿ.

ಸದ್ಯಕ್ಕೆ ನಾನು 76. ಇಳೀತಿದೀನೋ ಏರ್ತಿದೀನೋ ಅಂತ ಕೇಳ್ಬೇಡಿ, ಗಣೇಶನ ಹಬ್ಬ ಹತ್ರ ಇದೆ. ಹಳೇ ಸಂಚಿಕೆಗಳಲ್ಲಿ ಫೋಟೋ ಬಂದವರನ್ನ ಒಂದ್ಸಲ ಹುಡುಕಿ ಮಾತಾಡ್ಸಿ, ಏರಿರೋರೂ ಸಿಗ್ತಾರೆ, ಅವ್ರದ್ದೂ ಹಾಕಿ. ಆ ಜಾಹೀರಾತನ್ನ ಮಾತ್ರ ಮುಂದಿನ ವಾರದಿಂದಲೇ ನಿಲ್ಸಿ.

ಇಂತಿ,
ನಿಮ್ಮ ಹಳೇ ಓದುಗಳು, ದಾವಣಗೆರೆ