ಮಗಳಿಗೊಂದು ಪತ್ರ: ನಾನು ಆಡಿದ ಆಟಗಳು, ಮುಲಾಜಿಲ್ಲದೆ

ಪುಟ್ಟಿ,

ನಿನ್ನ ಪಟ್ಟಿ ಬಂತು. ವಿಡಿಯೊ ಆಟಗಳ ಹೆಸರು ಬರೆದು, ಪ್ರತಿಯೊಂದರ ಮುಂದೆ ಜಾಗ ಬಿಟ್ಟು, "ಹತ್ತಕ್ಕೆ ಎಷ್ಟು ಅಂತ ಹಾಕಮ್ಮ, ಮುಲಾಜು ಬೇಡ" ಅಂತ ಕೇಳಿದ್ದೀಯ. ಅಂಕ ಹಾಕಲ್ಲ ಕಣೇ. ಹತ್ತಕ್ಕೆ ಎಂಟು ಅಂತ ಬರೆದರೆ ನಿನಗೆ ಏನು ಗೊತ್ತಾಗುತ್ತದೆ? ಚಿತ್ರ ಚೆನ್ನಾಗಿದೆ ಅಂತಲಾ, ಕಥೆ ಚೆನ್ನಾಗಿದೆ ಅಂತಲಾ, ಇಲ್ಲ ಅವತ್ತು ನನ್ನ ಮನಸ್ಸು ಚೆನ್ನಾಗಿತ್ತು ಅಂತಲಾ? ಆದರೆ ಮುಲಾಜು ಬೇಡ ಅಂದೆಯಲ್ಲ, ಆ ಮಾತನ್ನು ಪೂರ್ತಿ ನಡೆಸಿಕೊಡುತ್ತೇನೆ.

ನಾನು ಆಟ ಆಡೋದು ನೀನು ಹುಟ್ಟುವ ಮೊದಲಿಂದಲೂ ನಡೆದುಬಂದಿದೆ. ಈಗೀಗ ಒಂದು ಆಟ ಹೇಗಿದೆ ಅಂತ ನೋಡುವಾಗ ನನಗೆ ಒಂದೇ ಪ್ರಶ್ನೆ ಮುಖ್ಯ. ಇದಕ್ಕೆ ನನ್ನ ಮೇಲೆ ನಂಬಿಕೆ ಇದೆಯಾ? ನಾನೇ ನೋಡಿ, ಎಡವಿ, ಯೋಚಿಸಿ ಕಲಿಯುತ್ತೇನೆ ಅಂತ ಬಿಡುತ್ತದಾ, ಇಲ್ಲ ಕೈ ಹಿಡಿದು ಎಳೆದಾಡುತ್ತದಾ, ಅಥವಾ ನಾನು ಎದ್ದು ಹೋಗದ ಹಾಗೆ ಕಟ್ಟಿಹಾಕಲು ನೋಡುತ್ತದಾ? ಇದನ್ನು ತಲೆಯಲ್ಲಿ ಇಟ್ಟುಕೊಂಡು ಮುಂದಿನದ್ದು ಓದು.

ನಿನ್ನ ಪಟ್ಟಿಯಲ್ಲಿ ಸೂಪರ್ ಮಾರಿಯೊ ಬ್ರದರ್ಸ್ ಕೊನೆಯಲ್ಲಿತ್ತು, ಪಕ್ಕದಲ್ಲಿ "ತುಂಬಾ ಹಳೇದು" ಅಂತ ಬೇರೆ ಬರೆದಿದ್ದೆ. ಹೌದು, 1985ರದ್ದು. ಆದರೆ ಅದರ ಮೊದಲ ಲೆವೆಲ್‌ನ ಶುರುವನ್ನು ಒಮ್ಮೆ ಗಮನವಿಟ್ಟು ಆಡು. ಮಾರಿಯೊ ಎಡಗಡೆ ನಿಂತಿದ್ದಾನೆ, ಬಲಗಡೆ ಪೂರ್ತಿ ಖಾಲಿ, ಹಾಗಾಗಿ ಯಾರೂ ಹೇಳದೆಯೇ ಬಲಕ್ಕೆ ಹೋಗುತ್ತೀಯ. ಎದುರಿಂದ ಒಂದು ಗೂಂಬಾ, ಅಂದರೆ ಪುಟ್ಟ ಶತ್ರು, ನಡೆದು ಬರುತ್ತದೆ. ಸುಮ್ನೆ ನಿಂತರೆ ಸಾಯುತ್ತೀಯ, ಹಾರಬೇಕು ಅಂತ ಗೊತ್ತಾಯಿತು. ಹಾರುವಾಗ ಪ್ರಶ್ನೆ ಚಿಹ್ನೆ ಇರುವ ಡಬ್ಬಿಗೆ ತಲೆ ತಾಗಿ ನಾಣ್ಯ ಬರುತ್ತದೆ. ಇನ್ನೊಂದು ಡಬ್ಬಿಗೆ ತಲೆ ಕೊಟ್ಟರೆ ಅಣಬೆ ಬಂದು ಬಲಕ್ಕೆ ಜಾರಿ, ಕೊಳವೆಗೆ ತಾಗಿ, ತಿರುಗಿ ನಿನ್ನ ಕಡೆಗೇ ಬರುತ್ತದೆ. ಗೂಂಬಾ ನೋಡಿ ಹೆದರಿದವರು ಇದರಿಂದಲೂ ತಪ್ಪಿಸಿಕೊಳ್ಳಲು ಹಾರುತ್ತಾರೆ, ಮೇಲೆ ಇಟ್ಟಿಗೆ ಇರುವುದರಿಂದ ತಲೆ ಬಡಿದು ಸೀದಾ ಅಣಬೆ ಮೇಲೇ ಬೀಳುತ್ತಾರೆ. ಮಾರಿಯೊ ದೊಡ್ಡವನಾಗುತ್ತಾನೆ. ಹಾಗಾದರೆ ಇದು ಒಳ್ಳೆಯದು! ಆ ಆಟ ಮಾಡಿದ ಶಿಗೆರು ಮಿಯಾಮೊಟೊ ಮತ್ತು ಅವರ ತಂಡ ಪರದೆ ಮೇಲೆ ಒಂದು ಸಾಲು ವಿವರಣೆ ಬರೆಯದೆ ಇಷ್ಟನ್ನೂ ಕಲಿಸಿಬಿಟ್ಟರು. ಆಡುವವರಿಗೆ ಬುದ್ಧಿ ಇದೆ ಅಂತ ನಂಬಿದವರು ಮಾತ್ರ ಹೀಗೆ ಮಾಡಬಲ್ಲರು.

ಈಗಿನ ಎಷ್ಟೋ ದೊಡ್ಡ ಆಟಗಳಲ್ಲಿ ನನಗೆ ಸಿಗದೇ ಇರುವುದು ಇದೇ. ಮ್ಯಾಪ್ ತೆರೆದರೆ ಇರುವೆ ಮುತ್ತಿದ ಹಾಗೆ ಐಕಾನ್‌ಗಳು. ಒಂದೊಂದರ ಹತ್ತಿರ ಹೋಗು, ಬಟನ್ ಒತ್ತು, ಅಳಿಸು, ಮುಂದಿನದಕ್ಕೆ ಹೋಗು. ಅರವತ್ತು ಗಂಟೆ ಆಡಿದ ಮೇಲೆ ನೆನಪಿನಲ್ಲಿ ಉಳಿಯುವ ಜಾಗ ಒಂದೂ ಇರಲ್ಲ, ಯಾಕೆಂದರೆ ನಾನು ನೋಡುತ್ತಿದ್ದದ್ದು ಮೂಲೆಯಲ್ಲಿರುವ ಪುಟ್ಟ ಮ್ಯಾಪನ್ನು, ಊರನ್ನಲ್ಲ.

2017ರಲ್ಲಿ ಬಂದ ಜೆಲ್ಡಾ, ಬ್ರೆತ್ ಆಫ್ ದ ವೈಲ್ಡ್, ನನಗೆ ಅಷ್ಟು ಹಿಡಿಸಿದ್ದಕ್ಕೆ ಕಾರಣವೂ ಇದೇ. ಅಲ್ಲಿ ಸುತ್ತಲಿನ ಮ್ಯಾಪ್ ತೆರೆಯಲು ಗೋಪುರ ಹತ್ತುತ್ತೀಯ, ಆದರೆ ಹತ್ತಿದ ಮೇಲೆ ಐಕಾನ್ ಸುರಿಯಲ್ಲ. ಮೇಲೆ ನಿಂತು ಸುತ್ತ ನೋಡಿ, ಅಲ್ಲೇನೋ ಹೊಳೆಯುತ್ತಿದೆ ಅಂತ ಅನ್ನಿಸಿದ ಕಡೆ ನೀನೇ ಗುರುತು ಹಾಕಿಕೊಳ್ಳಬೇಕು. ಕತ್ತಿಗಳು ಮುರಿಯುತ್ತವೆ ಅಂತ ಎಲ್ಲರೂ ಬೈದರು. ನನಗೆ ಅದು ಇಷ್ಟ. ಮುರಿಯುವುದರಿಂದಲೇ ಸಿಕ್ಕಿದ್ದನ್ನು ಹಿಡಿದು ಹೋರಾಡುವುದು ಕಲಿಯುತ್ತೀಯ, ಕಬ್ಬಿಣದ ಪೆಟ್ಟಿಗೆ ಎತ್ತಿ ಶತ್ರುವಿನ ತಲೆ ಮೇಲೆ ಹಾಕುವ ಯೋಚನೆ ಬರುತ್ತದೆ. ಆದರೆ ಆ ಮಳೆ! ಅರ್ಧ ಬಂಡೆ ಹತ್ತಿರುತ್ತೇನೆ, ಮಳೆ ಶುರು, ಕೈ ಜಾರುತ್ತದೆ, ನಿಲ್ಲುವವರೆಗೂ ಅಲ್ಲೇ ಕಾಯಬೇಕು. ಆ ಕಾಯುವುದರಲ್ಲಿ ಕಲಿಯಲು ಏನೂ ಇಲ್ಲ, ಬರೀ ಬೇಜಾರು.

ರೆಡ್ ಡೆಡ್ ರಿಡೆಂಪ್ಷನ್ 2 ಬಗ್ಗೆ ನೀನು ಕೇಳಿಯೇ ಕೇಳುತ್ತೀಯ. ಅಷ್ಟು ಚಂದದ ಆಟ ಇನ್ನೊಂದು ನೋಡಿಲ್ಲ. ಕುದುರೆಯ ಮೈ ಮೇಲಿನ ಕೆಸರು ತಿಕ್ಕುವುದು, ಬೆಳಗಿನ ಮಂಜಿನಲ್ಲಿ ಸುಮ್ನೆ ಸವಾರಿ ಹೋಗುವುದು, ಅದೊಂದು ಸುಖ. ಅದರ ನಾಯಕ ಆರ್ಥರ್ ಮಾರ್ಗನ್‌ನಂಥ ಮನುಷ್ಯ ಆಟಗಳಲ್ಲಿ ಅಪರೂಪ. ಆದರೆ ಮಿಷನ್ ಶುರುವಾದರೆ ಸಾಕು, ಅದೇ ಆಟ ಬೇರೆಯಾಗುತ್ತದೆ. ಹೇಳಿದ ದಾರಿಯಲ್ಲೇ ಹೋಗಬೇಕು, ಹೇಳಿದ ಕಡೆಯೇ ಅಡಗಬೇಕು, ಸ್ವಲ್ಪ ಪಕ್ಕಕ್ಕೆ ಹೋಗಿ ಹಿಂದಿನಿಂದ ಸುತ್ತಿಬರೋಣ ಅಂದರೆ ಮಿಷನ್ ಫೇಲ್. ಅಷ್ಟು ದೊಡ್ಡ ಲೋಕ ಕಟ್ಟಿ, ಅದರೊಳಗೆ ನನ್ನನ್ನು ಹಳಿ ಮೇಲೆ ಓಡಿಸುವುದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಆಡು, ಖಂಡಿತ ಆಡು. ಕಥೆಯನ್ನು ಓಡಿಸಿಕೊಂಡು ಮಾತ್ರ ಹೋಗಬೇಡ.

ಡಾರ್ಕ್ ಸೋಲ್ಸ್ ನೀನು ಅರ್ಧಕ್ಕೆ ಬಿಟ್ಟೆ. ಹೋಗಲಿ ಬಿಡು, ಅದು ಎಲ್ಲರಿಗೂ ಅಲ್ಲ. ಕಷ್ಟದ ಆಟ ಆಡುವವರೇ ನಿಜವಾದ ಆಟಗಾರರು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಆದರೆ ನೀನು ಬಿಟ್ಟ ಜಾಗದಿಂದ ಸ್ವಲ್ಪವೇ ಮುಂದೆ ಒಂದು ಲಿಫ್ಟ್ ಇದೆ. ಸತ್ತು ಸತ್ತು ಊರು ದಾಟಿ ಚರ್ಚಿಗೆ ಬಂದಿರುತ್ತೀಯ, ಗಳಿಸಿದ ಸೋಲ್ಸ್, ಅಂದರೆ ಅಲ್ಲಿನ ದುಡ್ಡು, ಎಲ್ಲ ಕೈಯಲ್ಲಿದೆ, ಈಗ ಸತ್ತರೆ ಅಲ್ಲೇ ಬಿದ್ದುಹೋಗುತ್ತವೆ, ಎತ್ತಿಕೊಳ್ಳಲು ಬರುವ ದಾರಿಯಲ್ಲಿ ಇನ್ನೊಮ್ಮೆ ಸತ್ತರೆ ಪೂರ್ತಿ ಹೋದ ಹಾಗೆ. ಆ ಭಯದಲ್ಲಿ ಲಿಫ್ಟ್ ಹತ್ತುತ್ತೀಯ. ಅದು ಇಳಿಯುತ್ತಲೇ ಹೋಗುತ್ತದೆ. ಬಾಗಿಲು ದಾಟಿ ಹೊರಗೆ ಬಂದರೆ ಎದುರಿಗೆ ಫೈರ್‌ಲಿಂಕ್ ಶ್ರೈನ್, ನೀನು ಹೊರಟ ಜಾಗವೇ! ಇಷ್ಟು ಹೊತ್ತು ಎಲ್ಲೋ ದೂರ ಬಂದೆ ಅಂದುಕೊಂಡಿದ್ದೆಯಲ್ಲ, ಎಲ್ಲ ಒಂದರ ಮೇಲೊಂದು ಕೂತಿತ್ತು. 2011ರ ಆಟದ ಆ ಒಂದು ಲಿಫ್ಟ್ ಮುಂದೆ ಎಷ್ಟೋ ಸಿನಿಮಾ ಥರದ ದೃಶ್ಯಗಳು ನನಗೆ ಸಪ್ಪೆ. ಹಾಗಂತ ಅದರ ಕೊನೆಯ ಭಾಗವನ್ನು ನಾನು ಹೊಗಳಲ್ಲ. ಲಾಸ್ಟ್ ಇಜಲಿತ್ ಅನ್ನೋ ಜಾಗ ಅರೆಬೆಂದದ್ದು. ಅಲ್ಲಿನ ದೊಡ್ಡ ಶತ್ರು, ಬೆಡ್ ಆಫ್ ಕೇಯಾಸ್ ಅನ್ನೋ ಬಾಸ್ ಅಂತೂ ಶುದ್ಧ ಮೋಸ, ಕಾಲಡಿಯ ನೆಲ ಎಲ್ಲಿ ಕುಸಿಯುತ್ತದೆ ಅಂತ ಬಿದ್ದು ಸತ್ತೇ ತಿಳಿಯಬೇಕು.

ಮ್ಯಾಡಲೀನ್ ಅನ್ನೋ ಹುಡುಗಿ ಬೆಟ್ಟ ಹತ್ತುವ ಆಟ, ಸೆಲೆಸ್ಟ್‌ಗೆ ಬರೋಣ. ನೀನು ಆಟ ಸುಲಭ ಮಾಡುವ ಅಸಿಸ್ಟ್ ಮೋಡ್ ಹಾಕಿ ಮುಗಿಸಿ, "ಅದು ಲೆಕ್ಕಕ್ಕೆ ಬರಲ್ಲ ಅಲ್ವಾ" ಅಂದಿದ್ದೆ. ಬರುತ್ತದೆ. ಆಟದ ವೇಗ ಕಡಿಮೆ ಮಾಡಬಹುದು, ಸುಸ್ತಾಗದ ಹಾಗೆ ಮಾಡಬಹುದು, ಸಾಯದೇ ಇರಬಹುದು ಅಂತ ಆಯ್ಕೆ ಇಟ್ಟವರು ಅದನ್ನು ಮಾಡಿದವರೇ. ನಿನಗೆ ಎಷ್ಟು ಬೇಕು ಅಂತ ನಿನಗೇ ಗೊತ್ತು ಅನ್ನೋ ನಂಬಿಕೆ ಅದು. ಇನ್ನೊಂದು ವಿಷಯ ಕೇಳು. ಅಸಿಸ್ಟ್ ಮೋಡ್ ಇಲ್ಲದೆ ಆಡುವವರಿಗೂ ಆ ಆಟ ಗುಟ್ಟಾಗಿ ಸಹಾಯ ಮಾಡುತ್ತಲೇ ಇರುತ್ತದೆ. ಅಂಚು ದಾಟಿ ಕಾಲು ಗಾಳಿಯಲ್ಲಿದ್ದರೂ ಒಂದು ಕ್ಷಣದವರೆಗೆ ಹಾರಲು ಬಿಡುತ್ತದೆ. ನೆಲ ಮುಟ್ಟುವ ಸ್ವಲ್ಪ ಮೊದಲೇ ಬಟನ್ ಒತ್ತಿದರೂ ನೆನಪಿಟ್ಟುಕೊಂಡು ಹಾರಿಸುತ್ತದೆ. ಹಾರುವಾಗ ಮೂಲೆಗೆ ತಲೆ ತಾಗಿದರೆ ಮೆಲ್ಲಗೆ ಪಕ್ಕಕ್ಕೆ ತಳ್ಳಿ ದಾಟಿಸುತ್ತದೆ. ಇದನ್ನೆಲ್ಲ ಮಾಡಿದ ಮ್ಯಾಡಿ ಥಾರ್ಸನ್ ತಾವೇ ವಿವರಿಸಿದ್ದಾರೆ. ಅಂದರೆ ಅಷ್ಟು ಕಷ್ಟ ಅಂತ ಹೆಸರಾದ ಆಟ ಒಳಗೊಳಗೆ ನಿನ್ನ ಪರವಾಗಿಯೇ ಇದೆ. ಸತ್ತ ತಕ್ಷಣ ಅದೇ ಪರದೆಯ ಶುರುವಿಗೆ ಬಂದಿರುತ್ತೀಯ, ಕಾಯಿಸುವುದಿಲ್ಲ, ಬೈಯುವುದಿಲ್ಲ.

ಆ ಗೊಂಡೋಲಾ, ಅಂದರೆ ಹಗ್ಗದ ಮೇಲೆ ತೂಗುವ ಗಾಡಿಯ ದೃಶ್ಯ ನೆನಪಿದೆಯಾ? ಮಧ್ಯದಲ್ಲಿ ನಿಂತುಬಿಡುತ್ತದೆ, ಮ್ಯಾಡಲೀನ್‌ಗೆ ಉಸಿರು ಕಟ್ಟುತ್ತದೆ, ಆಗ ಜೊತೆಗಿರುವ ಥಿಯೋ ಒಂದು ಗರಿ ಕಲ್ಪಿಸಿಕೊ, ಉಸಿರಿನಿಂದ ಅದನ್ನು ತೇಲಿಸು ಅನ್ನುತ್ತಾನೆ. ಬಟನ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಗರಿಯನ್ನು ಮೇಲೆ ಕೆಳಗೆ ತೇಲಿಸುತ್ತಾ ಇದ್ದರೆ ನಮ್ಮ ಉಸಿರೂ ಅದೇ ಲಯಕ್ಕೆ ಬಂದಿರುತ್ತದೆ. ಪರೀಕ್ಷೆ ಹಿಂದಿನ ರಾತ್ರಿಗಳಲ್ಲಿ ನಿನಗೆ ಎದೆ ಡವಡವ ಅನ್ನುತ್ತದೆ ಅಂತ ಹೇಳುತ್ತೀಯಲ್ಲ, ಆಗ ಇದನ್ನು ಒಮ್ಮೆ ಮಾಡಿ ನೋಡು. ಕಂಟ್ರೋಲರ್ ಬೇಕಾಗಿಲ್ಲ.

ಇನ್ನು ನಾವಿಬ್ಬರೂ ಸೇರಿ ಆಡಿದ ಇಟ್ ಟೇಕ್ಸ್ ಟೂ. 2021ರಲ್ಲಿ ವರ್ಷದ ಆಟ ಅಂತ ದೊಡ್ಡ ಪ್ರಶಸ್ತಿ ಬಂತು, ನಿನಗೂ ಪ್ರಾಣ. ಆಟವಾಗಿ ನನಗೂ ಇಷ್ಟ. ನಿನಗೆ ಸುತ್ತಿಗೆ, ನನಗೆ ಮೊಳೆ. ನಾನು ಗೋಡೆಗೆ ಮೊಳೆ ಎಸೆದರೆ ನೀನು ಅದಕ್ಕೆ ಸುತ್ತಿಗೆ ಸಿಕ್ಕಿಸಿ ತೂಗಾಡಿ ದಾಟಬೇಕು. ಚೆನ್ನಾಗಿ ಅಭ್ಯಾಸ ಆಯಿತು ಅನ್ನುವಷ್ಟರಲ್ಲಿ ಅದನ್ನು ಕಿತ್ತುಕೊಂಡು ಹೊಸದು ಕೊಡುತ್ತದೆ. ಒಬ್ಬರನ್ನು ಬಿಟ್ಟು ಒಬ್ಬರು ಮುಂದೆ ಹೋಗಲು ಆಗಲ್ಲ. ಅದೆಲ್ಲ ಸರಿ. ಆದರೆ ಕಥೆ ನನಗೆ ಒಪ್ಪಿಗೆ ಇಲ್ಲ. ಬೇರೆಯಾಗಲು ಹೊರಟ ಗಂಡ ಹೆಂಡತಿ ಗೊಂಬೆಗಳಾಗುತ್ತಾರೆ, ಮಗಳ ಕಣ್ಣೀರು ಬಿದ್ದರೆ ವಾಪಸ್ ಮನುಷ್ಯರಾಗುತ್ತೇವೆ ಅಂದುಕೊಂಡು, ಅವಳನ್ನು ಅಳಿಸಲು ಅವಳ ಪ್ರೀತಿಯ ಆನೆ ಗೊಂಬೆಯನ್ನು ಕೊಲ್ಲಲು ಹೋಗುತ್ತಾರೆ. ಆನೆ ಬೇಡ ಬೇಡ ಅಂತ ಬೇಡಿಕೊಳ್ಳುತ್ತಿರುತ್ತದೆ, ನಾವಿಬ್ಬರೂ ಬಟನ್ ಒತ್ತುತ್ತಾ ಅದನ್ನು ಎಳೆಯಬೇಕು. ನೀನು ನಕ್ಕೆ, ನನಗೆ ನಗು ಬರಲಿಲ್ಲ. ಆ ಆಟ ಅದನ್ನು ಮಾಡಿಸಿ, ಅದರ ಭಾರ ಹೊರದೆ, ಮುಂದಿನ ತಮಾಷೆಗೆ ಓಡಿಬಿಡುತ್ತದೆ. ಮಗಳನ್ನು ಅಳಿಸಿ ತಮ್ಮ ಕೆಲಸ ಮಾಡಿಕೊಳ್ಳಲು ನೋಡಿದ ಅಪ್ಪ ಅಮ್ಮ ಒಂದು ಕ್ಷಣವಾದರೂ ನಿಂತು ನಾವೇನು ಮಾಡಿದೆವು ಅಂತ ಕೇಳಿಕೊಳ್ಳಬೇಡವಾ? ಆ ಮಾತನಾಡುವ ಪುಸ್ತಕ ಡಾಕ್ಟರ್ ಹಕೀಮ್ ಬಂದು ಬಂದು ಪಾಠ ಹೇಳುವುದೂ ನನಗೆ ಸಾಕಾಯಿತು. ಅಪ್ಪ ಅಮ್ಮನ ಜಗಳ ಆ ಮಗಳು ರೋಸ್‌ಳ ತಪ್ಪಲ್ಲ ಅನ್ನುವುದನ್ನು ಕೊನೆಯವರೆಗೆ ಕಾಯಿಸದೆ ಮೊದಲೇ ಹೇಳಬೇಕಿತ್ತು. ಅಮ್ಮನಾಗಿ ನನ್ನ ಅಭಿಪ್ರಾಯ ಇದು, ನೀನು ಜಗಳ ಮಾಡಬಹುದು.

ಹೊಲ ನೋಡಿಕೊಳ್ಳುವ ಆಟ ಸ್ಟಾರ್‌ಡ್ಯೂ ವ್ಯಾಲಿ ವಿಷಯದಲ್ಲೂ ನಾವು ಒಪ್ಪಲ್ಲ. ಎರಿಕ್ ಬರೋನ್ ಒಬ್ಬರೇ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು ಕೋಡ್, ಚಿತ್ರ, ಸಂಗೀತ ಎಲ್ಲ ಮಾಡಿ 2016ರಲ್ಲಿ ಹೊರತಂದ ಆಟ, ಆ ಮನುಷ್ಯನ ಮೇಲೆ ನನಗೆ ಅಪಾರ ಗೌರವ. ಆದರೆ ನೀನು ಹೇಳುವ ನೆಮ್ಮದಿ ನನಗೆ ಅಲ್ಲಿ ಸಿಗಲಿಲ್ಲ. ಒಂದು ದಿನ ಅಂದರೆ ಸುಮಾರು 14 ನಿಮಿಷ. ಗಡಿಯಾರ ಓಡುತ್ತಲೇ ಇರುತ್ತದೆ, ಅಷ್ಟರಲ್ಲಿ ನೀರು ಹಾಕು, ದನ ನೋಡು, ಅಂಗಡಿ ಮುಚ್ಚುವ ಮೊದಲು ಓಡು. ನನಗೆ ಅದು ಇನ್ನೊಂದು ಕೆಲಸದ ದಿನ.

ಈಗ ಫೋನಿನಲ್ಲಿ ನೀನು ಆಡುವ ಆ ಉಚಿತ ಆಟ. ಹೆಸರು ಬೇಡ, ಅಂಥವು ಎಲ್ಲ ಒಂದೇ ಜಾತಿ. ದಿನಾ ಲಾಗಿನ್ ಆದರೆ ಬಹುಮಾನ, ಒಂದು ದಿನ ತಪ್ಪಿದರೆ ಮೊದಲಿಂದ. ಜೀವ ಮುಗಿಯಿತಾ, ಕಾಯಿ, ಇಲ್ಲ ದುಡ್ಡು ಕೊಡು. ಈ ಪಾತ್ರ ಇನ್ನು ಮೂರೇ ದಿನ ಸಿಗುತ್ತದೆ ಅಂತ ಅವಸರ. ಹರಳು ಕೊಂಡು, ಹರಳಿನಿಂದ ಚೀಟಿ ಕೊಂಡು, ಚೀಟಿ ಎಳೆದರೆ ಏನು ಬರುತ್ತದೋ ಅದೃಷ್ಟ. ದುಡ್ಡನ್ನು ಮೊದಲು ಹರಳು ಮಾಡುವುದು ಯಾಕೆ ಗೊತ್ತಾ? ಎಷ್ಟು ಖರ್ಚಾಯಿತು ಅಂತ ನಿನಗೆ ಲೆಕ್ಕ ಸಿಗಬಾರದು ಅಂತ. ಇದು ಅಮ್ಮನ ಹಳೇ ಕಾಲದ ಗೊಣಗಾಟ ಅಲ್ಲ. ಜಪಾನಿನಲ್ಲಿ 2012ರಲ್ಲೇ ಒಂದು ಬಗೆಯ ಗಾಚಾ, ಅಂದರೆ ಇಂಥ ಅದೃಷ್ಟದ ಚೀಟಿ, ಕಾನೂನುಬಾಹಿರ ಅಂತಾಯಿತು. 2018ರಲ್ಲಿ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ ದುಡ್ಡು ಕೊಟ್ಟು ತೆರೆಯುವ ಲೂಟ್ ಬಾಕ್ಸ್‌ಗಳು, ಅಂದರೆ ಒಳಗೇನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆಗಳು, ಜೂಜಿನ ಕಾನೂನಿಗೆ ವಿರುದ್ಧ ಅಂತ ಹೇಳಿತು. ಅದರಲ್ಲಿ ಚಿತ್ರ ಚೆನ್ನಾಗಿದೆ, ಹಾಡು ಚೆನ್ನಾಗಿದೆ, ಒಪ್ಪುತ್ತೇನೆ. ಅಷ್ಟು ಒಳ್ಳೆಯ ಕಲಾವಿದರ ಕೆಲಸವನ್ನು ಗಾಳಕ್ಕೆ ಸಿಕ್ಕಿಸಿದ್ದಾರೆ ಅನ್ನುವುದೇ ನನ್ನ ಸಿಟ್ಟು. ನಿಲ್ಲಿಸು ಅಂತ ಆಜ್ಞೆ ಮಾಡಲ್ಲ, ನೀನು ದೊಡ್ಡವಳು. ಅದರ ನೋಟಿಫಿಕೇಶನ್ ಎಲ್ಲ ಆಫ್ ಮಾಡಿ ಒಂದು ವಾರ ನೋಡು, ನಿನಗೇ ಆಡಬೇಕು ಅಂತ ಎಷ್ಟು ಸಲ ಅನ್ನಿಸುತ್ತದೆ ಅಂತ.

ಪಟ್ಟಿಯಲ್ಲಿ ಇಲ್ಲದ ಒಂದು ಹೆಸರು ನಾನು ಸೇರಿಸುತ್ತೇನೆ. ಔಟರ್ ವೈಲ್ಡ್ಸ್, 2019ರದ್ದು. ಇದರ ಬಗ್ಗೆ ಜಾಸ್ತಿ ಹೇಳಿದರೆ ನಿನಗೆ ಅನ್ಯಾಯ ಮಾಡಿದ ಹಾಗೆ, ಅದಕ್ಕೆ ಇಷ್ಟೇ. ಪುಟ್ಟ ಸೌರವ್ಯೂಹ, ನಿನಗೊಂದು ಅಂತರಿಕ್ಷ ನೌಕೆ, 22 ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲ ಮುಗಿದು ಮತ್ತೆ ಮೊದಲಿಂದ. ಕತ್ತಿ ಇಲ್ಲ, ಲೆವೆಲ್ ಇಲ್ಲ, ಶಕ್ತಿ ಹೆಚ್ಚಾಗುವುದಿಲ್ಲ. ಒಂದು ಸುತ್ತಿನಿಂದ ಇನ್ನೊಂದಕ್ಕೆ ನಿನ್ನ ಜೊತೆ ಬರುವುದು ನೀನು ತಿಳಿದುಕೊಂಡದ್ದು ಮಾತ್ರ. ಎಲ್ಲ ಗೊತ್ತಿದ್ದವರು ಮೊದಲ ಸುತ್ತಿನಲ್ಲೇ ಮುಗಿಸಬಹುದು, ಆದರೆ ಗೊತ್ತಾಗುವುದೇ ಆಟ. ನೌಕೆ ಓಡಿಸುವುದು ಶುರುವಿನಲ್ಲಿ ಕಷ್ಟ, ಆಟೋಪೈಲಟ್ ನಂಬಿದರೆ ದಾರಿಯಲ್ಲಿ ಸೂರ್ಯ ಇದ್ದರೂ ಸೀದಾ ಅದರೊಳಗೇ ಕರೆದುಕೊಂಡು ಹೋಗುತ್ತದೆ, ನೋಡಿಕೋ.

ವಿಡಿಯೊ ನೋಡಬೇಡ, ಗೈಡ್ ಓದಬೇಡ. ದಾರಿ ತೋಚದಿದ್ದರೆ ನೌಕೆಯೊಳಗಿನ ಕಂಪ್ಯೂಟರ್ ನೋಡು, ನೀನು ಕಂಡಿದ್ದೆಲ್ಲ ಅಲ್ಲಿ ಬರೆದಿರುತ್ತದೆ, ಎಲ್ಲಿ ಇನ್ನೂ ನೋಡುವುದು ಬಾಕಿ ಇದೆ ಅಂತಲೂ ಇರುತ್ತದೆ. ಆಗಲೂ ಆಗದಿದ್ದರೆ ನನಗೆ ಫೋನ್ ಮಾಡು. ಉತ್ತರ ಹೇಳಲ್ಲ, ಎಲ್ಲೆಲ್ಲಿ ಹೋಗಿದ್ದೆ ಅಂತ ಕೇಳುತ್ತೇನೆ. ಮುಗಿಸಿದ ದಿನ ಮಾತ್ರ ಎಷ್ಟು ಹೊತ್ತಾಗಿದ್ದರೂ ಮಾಡು. ಆ ಕೊನೆಯ ಬಗ್ಗೆ ಮಾತಾಡಲು ನನಗೆ ಇಲ್ಲಿ ಯಾರೂ ಇಲ್ಲ.

ನಿನ್ನ ಅಮ್ಮ