ಹಾಡಿನ ಹೆಸರಿನ ಕೆಳಗೆ ಶ್ರುತಿಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಕಿರುತೆರೆಯ ಗಾಯನ ಸ್ಪರ್ಧೆಯ ಹೊಸ ಸೀಸನ್ ಶುರುವಾಗಿದೆ. ಮಳೆಗಾಲದ ವಾರಾಂತ್ಯದಲ್ಲಿ, ಕರೆಂಟು ಇದ್ದರೆ, ಕೊಡಗಿನ ಎಷ್ಟೋ ಮನೆಗಳಲ್ಲಿ ರಾತ್ರಿ ಊಟವಾಗುವುದು ಅದರ ಮುಂದೆಯೇ. ಈ ಸಲದ ಸ್ಪರ್ಧಿಗಳ ಕಂಠ ಚೆನ್ನಾಗಿದೆ, ಆಯ್ಕೆ ಮಾಡಿದವರ ಕಿವಿಯ ಬಗ್ಗೆ ತಕರಾರಿಲ್ಲ. ಆದರೆ ಯಾರು ಚೆನ್ನಾಗಿ ಹಾಡಿದರು, ಯಾರು ಎಡವಿದರು ಎಂದು ಪ್ರೇಕ್ಷಕ ತಾನೇ ತೂಗಿ ನೋಡುವುದಕ್ಕೆ ಬೇಕಾದ ಒಂದು ವಿವರವೂ ತೆರೆಯ ಮೇಲೆ ಬರುವುದಿಲ್ಲ. ವೋಟು ಮಾತ್ರ ಕೇಳುತ್ತಾರೆ.

ಶ್ರುತಿಯನ್ನೇ, ಅಂದರೆ ಹಾಡಿನ ಆಧಾರ ಸ್ವರವನ್ನೇ ತೆಗೆದುಕೊಳ್ಳಿ. ನಮ್ಮ ಸಂಗೀತ ಪಾಠದಲ್ಲಿ ಗಂಡಸರಿಗೆ ಸಾಮಾನ್ಯವಾಗಿ ಒಂದರಿಂದ ಎರಡೂವರೆ ಮನೆ, ಹೆಂಗಸರಿಗೆ ನಾಲ್ಕೂವರೆಯಿಂದ ಆರೂವರೆ ಮನೆ (ಮನೆ ಎಂದರೆ ಹಾರ್ಮೋನಿಯಂನ ಬಿಳಿ ಕೀಲಿಯ ಲೆಕ್ಕ, ಅರ್ಧ ಎಂದರೆ ಅದರ ಮುಂದಿನ ಕಪ್ಪು ಕೀಲಿ). ಗಂಡುದನಿಯ ಸಿನಿಮಾ ಹಾಡನ್ನು ಹುಡುಗಿಯೊಬ್ಬಳು ಮೂಲ ಶ್ರುತಿಯಲ್ಲೇ ಎತ್ತಿಕೊಂಡರೆ ಪಲ್ಲವಿ ಗಂಟಲಿನ ತಳಕ್ಕಿಳಿದು ಬರೀ ಉಸಿರಾಗುತ್ತದೆ. ಒಂದು ಸ್ಥಾಯಿ ಮೇಲಕ್ಕೆ ಹಾಡಿದರೆ ಚರಣದಲ್ಲಿ ಕಿರುಚಬೇಕಾಗುತ್ತದೆ. ನಾಲ್ಕೈದು ಅರ್ಧಸ್ವರ, ಅಂದರೆ ಕಪ್ಪು ಬಿಳುಪು ಸೇರಿ ನಾಲ್ಕೈದು ಕೀಲಿ, ಮೇಲಕ್ಕೆ ಸರಿಸಿದಾಗಲೇ ಹದ. ಕೀಬೋರ್ಡಿನವರು ಒಂದು ಗುಂಡಿ ಒತ್ತಿ ಸರಿಸುತ್ತಾರೆ, ಗಿಟಾರಿನವರು ತಂತಿ ಒತ್ತಿ ಹಿಡಿಯುವ ಕ್ಯಾಪೊ ಹಾಕುತ್ತಾರೆ. ಕೊಳಲಿನವರು ಮಾತ್ರ ಕೊಳಲನ್ನೇ ಬದಲಿಸಬೇಕು, ತಬಲಾಕ್ಕೆ ಮತ್ತೆ ಸುತ್ತಿಗೆ ಏಟು ಬೀಳಬೇಕು. ಒಂದೇ ದಿನ ಹತ್ತಾರು ಹಾಡು ಚಿತ್ರೀಕರಿಸುವ ಕಡೆ ಇದಕ್ಕೆ ಪುರುಸೊತ್ತು ಕಡಿಮೆ. ಆಗ ‘ಅರ್ಧ ಮನೆ ಹೆಚ್ಚಾದರೂ ಹೇಗೋ ಹೊಂದಿಸಿಕೊ’ ಎಂಬ ಮಾತು ಬರುತ್ತದೆ. ವೇದಿಕೆಯಲ್ಲಿ ಚರಣದ ಮೇಲಿನ ಸ್ವರ ತಪ್ಪಿದಾಗ ತೀರ್ಪುಗಾರರು ‘ಶ್ರುತಿ ಬಿಟ್ಟೆ ಕಣಮ್ಮ’ ಎನ್ನುತ್ತಾರೆ. ಬಿಟ್ಟವಳು ಅವಳಲ್ಲ, ಶ್ರುತಿ ಆರಿಸಿದವರು. ಹಾಡಿನ ಹೆಸರು, ಕವಿ, ಸಂಗೀತ ನಿರ್ದೇಶಕರ ಹೆಸರು ಬರುವ ಪಟ್ಟಿಯಲ್ಲೇ ‘ಮೂಲ ಎರಡು ಮನೆ, ಈಗ ಐದು ಮನೆ’ ಎಂದು ಇನ್ನೊಂದು ಸಾಲು ಸೇರಿಸಲು ಖರ್ಚೇನಿಲ್ಲ. ನೋಡುತ್ತಾ ನೋಡುತ್ತಾ ಜನರಿಗೂ ಅದು ತಿಳಿಯುತ್ತದೆ. ಕ್ರಿಕೆಟ್ಟಿನ ರನ್‌ರೇಟ್ ಕಲಿತವರಿಗೆ ಇದೇನು ಕಷ್ಟ?

ಇನ್ನು ದನಿ ತಿದ್ದುವ ತಂತ್ರಾಂಶ. ಆಟೋಟ್ಯೂನ್ ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ಇವತ್ತು ಇಂಥದ್ದು ಸಣ್ಣ ಸ್ಟುಡಿಯೋಗಳಲ್ಲೂ ಇದೆ. ಮೊದಲೇ ಚಿತ್ರೀಕರಿಸಿ ಆಮೇಲೆ ಪ್ರಸಾರ ಮಾಡುವ ಕಾರ್ಯಕ್ರಮದಲ್ಲಿ ಪ್ರತಿ ಮೈಕಿನ ದನಿಯೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಇರುವುದರಿಂದ ತಿದ್ದುವುದು ಸುಲಭ. ಪತ್ತೆಹಚ್ಚಲು ಕಿವಿಗೆ ಒಂದೆರಡು ಗುರುತುಗಳಿವೆ. ತಿದ್ದದ ಗಂಟಲು ದೀರ್ಘ ಸ್ವರಕ್ಕೆ ಸ್ವಲ್ಪ ಕೆಳಗಿನಿಂದ ಏರಿ ಬಂದು ನಿಲ್ಲುತ್ತದೆ, ನಿಂತ ಮೇಲೂ ಸಣ್ಣಗೆ ಅಲುಗಾಡುತ್ತದೆ. ಬಿಗಿಯಾಗಿ ತಿದ್ದಿದ ದನಿ ಗೆರೆ ಎಳೆದ ಹಾಗೆ ನೇರ. ಜಾರು ಇರಬೇಕಾದ ಕಡೆ ಮೆಟ್ಟಿಲು ಕೇಳಿಸುತ್ತದೆ, ಏಕೆಂದರೆ ಆ ಯಂತ್ರ ಸಾಮಾನ್ಯವಾಗಿ ದನಿಯನ್ನು ಎಳೆದು ಕೂರಿಸುವುದು ಹನ್ನೆರಡು ಸ್ವರಸ್ಥಾನಗಳಿಗೆ. ತೋಡಿ ರಾಗದ ಗಾಂಧಾರದಂತೆ ತೂಗುವ ಸ್ವರ ಅದರ ಪಾಲಿಗೆ ತಪ್ಪು. ಪ್ರತಿಧ್ವನಿ ಸೇರಿಸುವುದು, ಶಬ್ದದ ಮಟ್ಟ ಸರಿಮಾಡುವುದು ಬೇರೆ ಮಾತು, ಅದು ಬೇಕು. ಶ್ರುತಿ ತಿದ್ದಿ ಆಮೇಲೆ ನಮ್ಮ ಹತ್ತಿರ ವೋಟು ಕೇಳುವುದು ಸರಿಯಲ್ಲ. ‘ಈ ಸಂಚಿಕೆಯಲ್ಲಿ ಶ್ರುತಿ ತಿದ್ದಿಲ್ಲ’ ಎಂದು ಕೊನೆಯಲ್ಲಿ ಒಂದು ಸಾಲು ಹಾಕಲು ವಾಹಿನಿಗೆ ಧೈರ್ಯ ಬರಲಿ.

ಮೈಕಿನ ಬಗ್ಗೆ ಸ್ಪರ್ಧಿಗಳಿಗೂ ಹೇಳುವುದಿದೆ. ಮಂದ್ರದ, ಅಂದರೆ ಕೆಳಗಿನ ಸ್ವರಕ್ಕೆ ಮೈಕು ತುಟಿಯಿಂದ ಎರಡು ಬೆರಳು ದೂರ, ಮೇಲಿನ ತಾರಕ್ಕೆ ಹೋದಾಗ ಒಂದು ಗೇಣಿಗೆ ಸರಿಯಬೇಕು. ಈ ಸಲ ಹಲವರು ಉಲ್ಟಾ ಮಾಡುತ್ತಿದ್ದಾರೆ. ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿದರೆ ದನಿ ಡಬ್ಬಿಯೊಳಗಿಂದ ಬಂದಂತಾಗುತ್ತದೆ, ಸ್ಪೀಕರಿನಲ್ಲಿ ಕೀಂಯ್ ಎನ್ನುವ ಶಬ್ದ ಹುಟ್ಟುವುದೂ ಹಾಗೆಯೇ. ಪ, ಬ, ಭ ಬಂದಾಗ ಮೈಕನ್ನು ಸ್ವಲ್ಪ ಓರೆ ಮಾಡಿದರೆ ಗಾಳಿಯ ಏಟು ತಪ್ಪುತ್ತದೆ. ಕಿವಿಯೊಳಗಿನ ಮಾನಿಟರ್‌ನಲ್ಲಿ ತನ್ನ ದನಿ ಕಡಿಮೆ ಕೇಳಿದರೆ ಹಾಡುವವರು ತಿಳಿಯದೆಯೇ ಕೂಗಲು ಶುರುಮಾಡುತ್ತಾರೆ. ಹಾಡಿನ ನಡುವೆ ಒಂದು ಕಿವಿಯದನ್ನು ಕಿತ್ತು ನೇತುಬಿಟ್ಟರೆ ಅದು ಸ್ಟೈಲು ಅಲ್ಲ, ಒಳಗೆ ಏನೋ ಸರಿಯಿಲ್ಲ ಎಂದರ್ಥ. ಅಂಥ ಹೊತ್ತಿನಲ್ಲಿ ನಿಲ್ಲಿಸಿ ಮತ್ತೆ ಹಾಡಿಸುವುದೇ ನ್ಯಾಯ.

ಉಚ್ಚಾರಣೆಗೆ ಬಂದರೆ ಬೇಸರವೇ ಆಗುತ್ತದೆ. ‘ಹೂವು’ ‘ಊವು’ ಆಗುತ್ತದೆ, ‘ಬೆಳಕು’ ‘ಬೆಲಕು’ ಆಗುತ್ತದೆ, ಮಹಾಪ್ರಾಣ ಮಾಯ. ಮೇಲಿನ ಸ್ವರದಲ್ಲಿ ಇ, ಉ ಹಿಡಿಯುವುದು ಕಷ್ಟವೆಂದು ಬಾಯಿ ತೆರೆದು ಎ, ಒ ಮಾಡಿಕೊಳ್ಳುತ್ತಾರೆ. ಅಷ್ಟು ತೆರೆಯಲಿ, ಪದ ಕೆಡದಿದ್ದರೆ ಸಾಕು. ಉಸಿರಿನ ಜಾಗ ತಪ್ಪುವುದು ಇನ್ನೂ ದೊಡ್ಡ ದೋಷ. ‘ಕಾವೇ’ ಎಂದು ನಿಲ್ಲಿಸಿ ಉಸಿರೆಳೆದು ‘ರಿ’ ಎಂದರೆ ನಮ್ಮ ಕಡೆಯವರು ಹೇಗೆ ಸಹಿಸುವುದು? ಹಾಡು ಬರೆದುಕೊಳ್ಳುವಾಗಲೇ ಉಸಿರಿನ ಗುರುತು ಹಾಕಿಕೊಂಡರೆ ಇದು ಒಂದು ವಾರದಲ್ಲಿ ಸರಿಹೋಗುತ್ತದೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ‘ಎದೆ ತುಂಬಿ ಹಾಡುವೆನು’ ನಡೆಸುತ್ತಿದ್ದಾಗ ಮಕ್ಕಳ ತಪ್ಪನ್ನು ತಾವೇ ಹಾಡಿ ತಿದ್ದುತ್ತಿದ್ದರು. ಕನ್ನಡ ಅವರ ಮನೆಮಾತಲ್ಲ. ಈಗ ತೀರ್ಪುಗಾರರ ಬಾಯಲ್ಲಿ ‘ಮೈ ಜುಂ ಎಂದಿತು’ ಬಿಟ್ಟರೆ ಬೇರೆ ಮಾತಿಲ್ಲ.

ಸಮಯದ ಲೆಕ್ಕ ನೋಡಿ. 1994ರ ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ಗಂಟೆಗೆ ಜಾಹೀರಾತು 12 ನಿಮಿಷ ಮೀರುವಂತಿಲ್ಲ. ಒಂದೂವರೆ ಗಂಟೆಯ ಸಂಚಿಕೆಯಲ್ಲಿ ಅದನ್ನು ಕಳೆದರೂ 72 ನಿಮಿಷ ಉಳಿಯುತ್ತದೆ. ಎಂಟು ಜನ ಮೂರು ಮೂರು ನಿಮಿಷ ಹಾಡಿದರೆ 24. ಉಳಿದ 48 ನಿಮಿಷ ತಾಯಿಯ ಕಣ್ಣೀರು, ನಿರೂಪಣೆಯ ತಮಾಷೆ, ಬಡತನದ ಚಿತ್ರ. ಇದಕ್ಕೆಲ್ಲ ಜಾಗ ಮಾಡಿಕೊಡಲು ಎರಡನೇ ಚರಣಕ್ಕೆ ಕತ್ತರಿ ಬೀಳುತ್ತದೆ. ಭಾವಗೀತೆಯಲ್ಲಂತೂ ಕವಿ ಹೇಳಬೇಕಾದದ್ದು ಬರುವುದೇ ಕೊನೆಯ ಚರಣದಲ್ಲಿ.

ಜಾನಪದ ಸುತ್ತು ಬಂದರೆ ನಮ್ಮ ಜಿಲ್ಲೆಯ ಸರದಿ. ಕೊಡವರ ಉಡುಗೆಯಾದ ಕುಪ್ಯ ಚೇಲೆ ಉಡಿಸಿ, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿ ನಿಲ್ಲಿಸುತ್ತಾರೆ, ಹಾಡು ಮಾತ್ರ ಯಾವುದೋ ಡಿಸ್ಕೊ ತಾಳದಲ್ಲಿ. ಕೊಡವರ ಕಥನ ಹಾಡಾದ ಬಾಳೊ ಪಾಟ್ ಒಬ್ಬರ ಹಾಡಲ್ಲ. ನಾಲ್ವರು ದುಡಿ ಹಿಡಿದು, ಇಬ್ಬರು ಒಂದು ಸಾಲು ಹಾಡಿದರೆ ಇನ್ನಿಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ದುಡಿ ನಡು ಸಣ್ಣಗಿರುವ ಪುಟ್ಟ ವಾದ್ಯ. ಅದರ ಬದಲು ಪ್ಯಾಡಿನಲ್ಲಿ ಡೋಲಿನ ಶಬ್ದ ಬಾರಿಸಿದರೆ ಹಾಡಿನ ಸಾಲುಗಳೇ ಮುಳುಗುತ್ತವೆ. ಕೊಂಬು ಕೊಟ್ಟಿನ ವಾಲಗ ಕುಣಿತಕ್ಕೆ, ಪಾಟ್ ಕಥೆಗೆ, ಎರಡನ್ನೂ ಕಲಸಬಾರದು. ಸಾಹಿತ್ಯ ಸಿಗುವುದಿಲ್ಲ ಎನ್ನುವಂತಿಲ್ಲ, ಇಂಥ ಹಾಡುಗಳ ಸಂಗ್ರಹವಾದ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ 1924ರಲ್ಲೇ ಅಚ್ಚಾಗಿದೆ. ಆದರೆ ಕೊಡವ ತಕ್ಕ್‌ನ, ಅಂದರೆ ಕೊಡವ ಭಾಷೆಯ, ಕೆಲವು ಸ್ವರೋಚ್ಚಾರಗಳಿಗೆ ಕನ್ನಡದಲ್ಲಿ ಅಕ್ಷರವೇ ಇಲ್ಲ, ಬರೆದದ್ದನ್ನು ನೋಡಿ ಓದಿದರೆ ತಪ್ಪೇ ಆಗುತ್ತದೆ. ಬಲ್ಲವರ ಬಾಯಿಂದ ಕೇಳಿ ಕಲಿಯಬೇಕು. ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಇದೆ, ಒಂದು ಫೋನಿನ ಕೆಲಸ.

ಚಿಕ್ಕ ಮಕ್ಕಳೂ ಸ್ಪರ್ಧೆಯಲ್ಲಿರುವುದರಿಂದ ಒಂದು ಮಾತು. ಬಾಲಕಾರ್ಮಿಕ ಕಾಯ್ದೆಯ 2017ರ ತಿದ್ದುಪಡಿ ನಿಯಮದಂತೆ ಬಾಲ ಕಲಾವಿದರನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಗಳಿಕೆಯ ಕನಿಷ್ಠ ಶೇ 20 ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿರಬೇಕು. ರೈಲೇ ಇಲ್ಲದ ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ಮಕ್ಕಳನ್ನು ಕರೆದೊಯ್ಯುವ ಪೋಷಕರು ಇದನ್ನು ತಿಳಿದೇ ಹೊರಡಲಿ.

ಕೊನೆಗೆ ವೋಟಿನ ವಿಷಯ. ತೀರ್ಪುಗಾರರು ಎಲ್ಲರಿಗೂ ಹತ್ತಕ್ಕೆ ಒಂಬತ್ತೂವರೆ, ಒಂಬತ್ತೂಮುಕ್ಕಾಲು, ಹತ್ತು ಕೊಟ್ಟರೆ ಅಂತರ ಅರ್ಧ ಅಂಕ. ವೋಟಿನಲ್ಲಿ ಅಂತರ ಸಾವಿರಗಟ್ಟಲೆ. ಎರಡಕ್ಕೂ ಅರ್ಧರ್ಧ ತೂಕ ಎಂದು ಘೋಷಿಸಿದರೂ ಗೆಲ್ಲಿಸುವುದು ವೋಟೇ. ಅಂಕಗಳ ಬದಲು ಸ್ಥಾನಗಳನ್ನು ಕೂಡಿಸಿದರೆ ಇದು ಸರಿಯಾಗುತ್ತದೆ: ಎಂಟು ಜನರಲ್ಲಿ ತೀರ್ಪುಗಾರರ ಮೊದಲಿಗನಿಗೆ 8, ಕಡೆಯವನಿಗೆ 1, ವೋಟಿಗೂ ಹಾಗೆಯೇ. ವೋಟಿನ ಗಡುವು ಸಂಚಿಕೆ ಮುಗಿದ ರಾತ್ರಿಯೇ ಮುಗಿಯುವುದೂ ಬೇಡ. ಕಕ್ಕಡ ತಿಂಗಳ ಮಳೆ ಜೋರಾದರೆ ಡಿಶ್‌ನ ಸಿಗ್ನಲ್ ಮಳೆಹನಿಗಳಲ್ಲೇ ಕರಗಿ ಚಿತ್ರ ಹೋಗುತ್ತದೆ, ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದರೆ ಫೋನೂ ಹೋಗುತ್ತದೆ. ಭಾಗಮಂಡಲ, ನಾಪೋಕ್ಲು ಕಡೆಯವರು ಮರುದಿನ ಮರುಪ್ರಸಾರ ನೋಡಿ ವೋಟು ಹಾಕುವಂತಾಗಬೇಕಾದರೆ ಕನಿಷ್ಠ 48 ಗಂಟೆ ಬೇಕು.

– ಸುಗಮ ಸಂಗೀತ ಶಿಕ್ಷಕರು, ಮಡಿಕೇರಿ