ಕುಳ್ಳ, ನಿಮ್ಮಮ್ಮನ ಫಿಲ್ಟರ್ ಲಡಾಖಲ್ಲಿದೆ

ಲೋ ಕುಳ್ಳ,

ಮೊದ್ಲು ಕೆಟ್ಟ ಸುದ್ದಿ ಹೇಳ್ಬಿಡ್ತೀನಿ, ಆಮೇಲೆ ಬೈಯೋದು ನಿನ್ನಿಷ್ಟ. ಕಾರಲ್ಲಿ ಲಡಾಖ್‌ಗೆ ಹೊರಡೋ ದಿನ ನಿಮ್ಮಮ್ಮ ಪೇಪರಲ್ಲಿ ಸುತ್ತಿ ಕೊಟ್ರಲ್ಲ ಹಿತ್ತಾಳೆ ಕಾಫಿ ಫಿಲ್ಟರು, ಅದು ವಾಪಸ್ ಬರಲ್ಲ. ಕಳ್ದಿಲ್ಲ, ಒಡ್ದಿಲ್ಲ, ಕೊಟ್ಬಂದೆ. ಯಾರಿಗೆ ಯಾಕೆ ಅಂತ ಹೇಳ್ತೀನಿ, ಅಲ್ಲೀವರ್ಗೂ ಅಮ್ಮಂಗೆ ಬಾಯ್ಬಿಡ್ಬೇಡ. ಈಗ ಮನಾಲಿಲಿ ಕೂತಿದೀನಿ, ಹೊರಗೆ ಮಳೆ, ಕಾರು ಗ್ಯಾರೇಜಲ್ಲಿದೆ, ಕ್ಲಚ್ ಪ್ಲೇಟ್ ಕೆಳಗಿಂದ ಬರ್ಬೇಕಂತೆ, ನಾಳೆ ಬರುತ್ತೆ ಅಂತ ಮೂರು ದಿನದಿಂದ ಹೇಳ್ತಾವ್ರೆ. ನಮ್ಮವಳು ಮಲ್ಗಿದಾಳೆ. ಸರಿ, ನಿನಗೆ ಬರೆಯೋಣ ಅಂತ ಕೂತೆ.

ನೀನು ಫೋನಲ್ಲಿ ಪದೇಪದೇ ಕೇಳ್ತಿದ್ಯಲ್ಲ, ರೋಡ್ ಹೆಂಗಿದೆ, ಮೈಲೇಜ್ ಎಷ್ಟು, ಅಷ್ಟ್ ದೂರ ಓಡ್ಸಿ ಸುಸ್ತಾಗ್ಲಿಲ್ವಾ ಅಂತ. ರೋಡ್ ಬಗ್ಗೆ ಹೇಳೋಕೇನೂ ಇಲ್ಲ ಮಾರಾಯ. ಹೆಬ್ಬಾಳ ಫ್ಲೈಓವರ್ ಇಳಿದ್ರೆ ಎನ್‌ಎಚ್ 44, ಕನ್ಯಾಕುಮಾರಿಯಿಂದ ಶ್ರೀನಗರದ ತನಕ ಅದೊಂದೇ ನಂಬರು, ಸ್ಟೇರಿಂಗ್ ಹಿಡ್ಕೊಂಡು ಕೂತ್ರೆ ಆಯ್ತು. ಕಷ್ಟ ಇರೋದು ಸಾಯಂಕಾಲ ಆರು ಗಂಟೆಗೆ ಗೊತ್ತಿಲ್ದೋರ ಮನೆ ಗೇಟ್ ಮುಂದೆ ಕಾರ್ ನಿಲ್ಸಿ ಇಳಿಯೋದ್ರಲ್ಲಿ. ಲಾಡ್ಜ್ ಬೇಡ, ಮನೆಗಳಲ್ಲೇ ಇರೋಣ ಅಂತ ನಿರ್ಧಾರ ಮಾಡಿದ್ದು ನಾನೇ, ಆದ್ರೆ ಮೊದಲ್ನೇ ಗೇಟ್ ಮುಂದೆ ಐದ್ ನಿಮಿಷ ಕಾರೊಳಗೇ ಕೂತಿದ್ದೂ ನಾನೇ.

ಆ ಮೊದಲ್ನೇ ಗೇಟ್ ನಾಗಪುರದ್ದು. (ಹೈದರಾಬಾದಲ್ಲಿ ಚಿಕ್ಕಮ್ಮನ ಮಗನ ಮನೆ, ಅದು ಲೆಕ್ಕಕ್ಕಿಲ್ಲ.) ನಾಗಪುರಕ್ಕೆ ಸ್ವಲ್ಪ ಮುಂಚೆ ಹಿಂಗಣ್‌ಘಾಟ್ ಅಂತ ಊರು ಸಿಗುತ್ತೆ, ಹತ್ತಿಯ ಊರು. ವಿಲಿಯಂ ಲ್ಯಾಂಬ್ಟನ್ ಅಂತ ಬ್ರಿಟಿಷರ ಕಾಲದಲ್ಲಿ ಭೂಮಿ ಸರ್ವೆ ಮಾಡ್ತಿದ್ನಲ್ಲ, 1800ರಲ್ಲಿ ನಮ್ ಬೆಂಗ್ಳೂರ್ ಹತ್ರ ಸರಪಳಿ ಎಳೆದು ಬೇಸ್‌ಲೈನ್ (ಮುಂದಿನ ಅಳತೆಗೆಲ್ಲ ಆಧಾರ ಆಗೋ ಗೆರೆ) ಅಳೆದವ್ನು, ಅವನು ಅಳೀತಾ ಅಳೀತಾ ಉತ್ತರಕ್ಕೆ ಹೋಗಿ 1823ರಲ್ಲಿ ಸತ್ತಿದ್ದು ಈ ಊರಲ್ಲೇ. ಅವನಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿದ ದಾರೀನ ನಾವು ಎರಡು ದಿನದಲ್ಲಿ, ಅದೂ ಚಕ್ಕುಲಿ ತಿಂತಾ, ಮುಗಿಸ್ಬಿಟ್ವಿ. ಹೇಳ್ಕೊಳ್ಳೋಕೇ ನಾಚಿಕೆ.

ನಾಗಪುರದ ಮನೆ ನಮ್ಮ ಆಫೀಸಿನ ಹುಡುಗನ ಅಪ್ಪ ಅಮ್ಮಂದು. ನಂಗೆ ಮರಾಠಿ ಬರಲ್ಲ, ಹಿಂದಿ ನಿಂಗೊತ್ತಲ್ಲ, ಆಟೋದವ್ರ ಜೊತೆ ಜಗಳಕ್ಕಾಗೋವಷ್ಟು. ಸೋಫಾ ತುದೀಲಿ ಸರ್ಕಾರಿ ಆಫೀಸಲ್ಲಿ ಕೂತಂಗೆ ಕೂತಿದ್ದೆ. ನಮ್ಮವಳು ನೋಡು, ಹಿಂದಿ ನನಗಿಂತ ಕಮ್ಮಿ, ಆದ್ರೆ ನೇರ ಅಡುಗೆಮನೆಗೆ ಹೋದ್ಲು. ಅಲ್ಲಿ ಅಜ್ಜಿ ಜೋಳದ ಭಾಕ್ರಿ ತಟ್ತಾ ಇದ್ರು. ಇವ್ಳು ಹುಬ್ಬಳ್ಳಿಯವ್ಳಲ್ವಾ, "ಏ ಇದು ನಮ್ ರೊಟ್ಟೀನ ಐತಲ್ರೀ" ಅಂತ ಕನ್ನಡದಲ್ಲೇ ಹೇಳಿ ಪಕ್ಕದಲ್ಲಿ ಕೂತು ತಟ್ಟೋಕೆ ಶುರು ಮಾಡಿದ್ಲು. ಅರ್ಧ ಗಂಟೆಲಿ ಆ ಅಜ್ಜಿಗೆಷ್ಟು ಮೊಮ್ಮಕ್ಕಳು, ಯಾರಿಗೆ ಮದ್ವೆ ಆಗಿಲ್ಲ, ಸೊಸೆ ಯಾಕೆ ಮುನಿಸ್ಕೊಂಡಿದಾಳೆ, ಎಲ್ಲಾ ಇವ್ಳಿಗೆ ಗೊತ್ತು. ಯಾವ ಭಾಷೇಲಿ ಅಂತ ಇವತ್ತಿಗೂ ನಂಗರ್ಥ ಆಗಿಲ್ಲ. ಊಟ ಆದ್ಮೇಲೆ ನಿಮ್ಮಮ್ಮನ ಫಿಲ್ಟರ್ ತೆಗೆದು ಡಿಕಾಕ್ಷನ್ ಹಾಕ್ದೆ, ಮನೆಮಂದಿಯೆಲ್ಲ ಸುತ್ತ ನಿಂತು ಹನಿ ಬೀಳೋದನ್ನ ನೋಡಿದ್ರು. ಅಜ್ಜ ಮೂರು ಚಮಚ ಸಕ್ಕರೆ ಹಾಕ್ಕೊಂಡು ಕುಡಿದ್ರು. ಅವತ್ತಿಂದ ನಿಯಮ ಆಗೋಯ್ತು, ಯಾವ ಮನೆಗ್ ಹೋದ್ರೂ ಒಂದ್ಸಲ ನಮ್ ಕಾಫಿ, ಬರ್ತಾ ಒಂದ್ ಡಬ್ಬ ಮೈಸೂರ್ ಸ್ಯಾಂಡಲ್ ಸೋಪು. ಬರಿಗೈಲಿ ಕೂತ್ಕೊಳ್ಳೋದು ತಪ್ಪಿದ್ರೆ ಅರ್ಧ ಮುಜುಗರ ಹೋಗುತ್ತೆ.

ನಾಗಪುರ ದಾಟಿದ್ರೆ ಪೇಂಚ್ ಕಾಡು. ಅಲ್ಲಿ ಹೈವೇನ ಕಂಬದ ಮೇಲೆ ಎತ್ತಿಬಿಟ್ಟಿದಾರೆ, ಪ್ರಾಣಿಗಳು ಕೆಳಗಿಂದ ದಾಟ್ಲಿ ಅಂತ. ಹುಲಿಗಳು ಹೋಗ್ತಿರೋದು ಕ್ಯಾಮೆರಾದಲ್ಲೂ ಸಿಕ್ಕಿದೆ. ನಾವು ಮೇಲೆ ಎಂಬತ್ತರಲ್ಲಿ ಹೋಗ್ತಿದ್ವಿ, ಕೆಳಗೆ ಹುಲಿ ಇತ್ತೋ ಏನೋ, ಯಾರಿಗ್ಗೊತ್ತು.

ಈಗ ಹೇಳೋದನ್ನ ಸರಿಯಾಗಿ ಓದು. ಮಧ್ಯಪ್ರದೇಶದಲ್ಲಿ ನರಸಿಂಗಪುರದಿಂದ ಸಾಗರ್ ಅನ್ನೋ ಊರಿಗೆ ಹೋಗ್ತಾ ಬರ್ಮಾನ್ ಅನ್ನೋ ಕಡೆ ನರ್ಮದಾ ದಾಟ್ಬೇಕು. ಆ ಕಡೆ ಕಬ್ಬಿನ ಸೀಮೆ, ಹತ್ರದ ಕರೇಲಿ ಬೆಲ್ಲಕ್ಕೆ ಹೆಸರುವಾಸಿ, ನಮ್ ಮಂಡ್ಯ ಇದ್ದಂಗೆ. ನಾವ್ ಹೋದಾಗ ಜೂನ್, ಆಲೆಮನೆ ಎಲ್ಲಾ ಬಂದ್. ನಾಗಪುರದ ಅಜ್ಜನ ಹಳೇ ಸ್ನೇಹಿತ್ರು ಒಬ್ರು ರೈತ್ರು, ನದಿ ದಂಡೇಲೇ ಮನೆ. ಹೋಗಿ ಇಳಿದ ತಕ್ಷಣ ಅವ್ರು ಹೆಸರು ಕೇಳ್ಲಿಲ್ಲ, ಊರು ಕೇಳ್ಲಿಲ್ಲ, ಕೈ ಮುಗಿದು "ನರ್ಮದೇ ಹರ್" ಅಂದ್ರು, ನೀರು ಕೊಟ್ರು, ಅಂಗಳದಲ್ಲಿ ಮಂಚ ಹಾಕಿದ್ರು. ರಾತ್ರಿ ಗೊತ್ತಾಯ್ತು ಯಾಕೆ ಅಂತ. ಅಲ್ಲಿ ನರ್ಮದಾ ಪರಿಕ್ರಮ ಮಾಡೋರು ನಡ್ಕೊಂಡು ಬರ್ತಾರೆ, ನದೀನ ಯಾವಾಗ್ಲೂ ಬಲಕ್ಕಿಟ್ಕೊಂಡು, ಎಲ್ಲೂ ನದಿ ದಾಟದೆ, ಸಮುದ್ರದ ತನಕ ಹೋಗಿ ಇನ್ನೊಂದು ದಂಡೇಲಿ ವಾಪಸ್. ಹಳೇ ಲೆಕ್ಕದ ಪ್ರಕಾರ ಮೂರು ವರ್ಷ, ಮೂರು ತಿಂಗ್ಳು, ಹದಿಮೂರು ದಿನ. ಅವ್ರಿಗೆ ದಾರಿಯುದ್ದಕ್ಕೂ ಹಳ್ಳಿಯೋರೇ ಜಾಗ ಕೊಡ್ಬೇಕು, ಊಟ ಹಾಕ್ಬೇಕು, ತಾವೇ ಬೇಯ್ಸ್ಕೊಳ್ತೀನಿ ಅನ್ನೋರಿಗೆ ಹಿಟ್ಟು ಬೇಳೆ ಅಳೆದು ಕೊಡ್ಬೇಕು, ಅದಕ್ಕೆ ಸದಾವ್ರತ ಅಂತಾರೆ. ಈ ಮನೇಲಿ ಅದು ತಾತನ ಕಾಲದಿಂದ ನಡ್ಕೊಂಡು ಬಂದಿದೆ. ಬಾಗಿಲಿಗೆ ಬಂದೋರು ಯಾರು ಅಂತ ಕೇಳೋ ಅಭ್ಯಾಸಾನೇ ಅವ್ರಿಗಿಲ್ಲ. ನಾನು ಹೊರಡೋ ಮುಂಚೆ ಮನೆ ಬುಕ್ ಮಾಡೋ ಆ್ಯಪಲ್ಲಿ ಪ್ರೊಫೈಲ್ ಫೋಟೋ, ರಿವ್ಯೂ, ಸ್ಟಾರು ಅಂತ ಒಂದು ತಿಂಗ್ಳು ತಲೆ ಕೆಡ್ಸ್ಕೊಂಡಿದ್ದೆ.

ಬೆಳಿಗ್ಗೆ ಎಡವಟ್ಟು ಆಯ್ತು. ಹೊರಡುವಾಗ ನಾನು ಬುದ್ಧಿವಂತ ಅಲ್ವಾ, ದಿಂಬಿನ ಕೆಳಗೆ ಐನೂರರ ಎರಡು ನೋಟು ಇಟ್ಟೆ, ಕೈಗೆ ಕೊಟ್ರೆ ತಗೊಳ್ಳಲ್ಲ ಅಂತ. ಸಾಗರ್ ಕಡೆ ಹನ್ನೆರಡು ಕಿಲೋಮೀಟರ್ ಹೋಗಿದೀವಿ, ಹಿಂದೆ ಒಂದು ಬೈಕು, ಹಾರನ್ ಮೇಲೆ ಹಾರನ್. ಆ ಮನೆ ಮಗ. ಬಿಸಿಲಲ್ಲಿ ಮುಖ ಕೆಂಪಾಗಿ, ಕಿಟಕಿಯಿಂದ ನೋಟು ಒಳಗಿಟ್ಟ, ಅದ್ರ ಮೇಲೆ ಎರಡು ಅಚ್ಚು ಬೆಲ್ಲ ಇಟ್ಟ. "ಅಪ್ಪ ಬೆಳಿಗ್ಗೆಯಿಂದ ಊಟ ಮಾಡಿಲ್ಲ" ಅಂದ, ಅಷ್ಟೇ, ತಿರುಗಿಸ್ಕೊಂಡು ಹೋದ. ಬೈದಿದ್ರೂ ಪರ್ವಾಗಿರ್ಲಿಲ್ಲ ಕುಳ್ಳ. ನಮ್ಮವಳು ಝಾನ್ಸಿ ಬರೋ ತನಕ ನನ್ನ ಜೊತೆ ಮಾತಾಡ್ಲಿಲ್ಲ. ನಾನು ಆ ಮನುಷ್ಯನ ಋಣ ಒಂದೇ ರಾತ್ರೀಲಿ ತೀರಿಸಿ ಹಗುರಾಗಿ ಹೋಗೋಣ ಅಂತಿದ್ದೆ ಅಷ್ಟೇ, ಅದು ಅವ್ರಿಗೆ ಗೊತ್ತಾಗಿಬಿಡ್ತು.

ಝಾನ್ಸಿ, ಗ್ವಾಲಿಯರ್, ಆಗ್ರಾ, ಇದೆಲ್ಲ ಬಿಸಿಗಾಳಿ, ಏಸಿ ಹಾಕಿದ್ರೂ ಕೂದ್ಲು ಬಿಸಿ. ಆಗ್ರಾ ಹತ್ರ ಆ್ಯಪಲ್ಲಿ ಬುಕ್ ಮಾಡಿದ್ದ ಮನೆಯವ್ನು ರಾತ್ರಿ ಎಂಟಕ್ಕೆ ಫೋನ್ ಸ್ವಿಚಾಫ್ ಮಾಡ್ಕೊಂಡ. ಅವನಿಗೆ ಫೈವ್ ಸ್ಟಾರ್ ಇತ್ತು. ಢಾಬಾದ ಹಗ್ಗದ ಮಂಚದ ಮೇಲೆ ಲಾರಿ ಡ್ರೈವರ್‌ಗಳ ಪಕ್ಕ ಮಲಗಿದ್ವಿ, ನಿದ್ದೆ ಚೆನ್ನಾಗೇ ಬಂತು.

ಪಂಜಾಬಲ್ಲಿ ಜಲಂಧರ್ ಕಡೆ ಹಳ್ಳಿಗಳು ನೋಡ್ಬೇಕು ನೀನು. ಮನೆ ಮೇಲಿನ ನೀರಿನ ಟ್ಯಾಂಕು ವಿಮಾನದ ಆಕಾರ, ಫುಟ್ಬಾಲ್ ಆಕಾರ, ಮಕ್ಕಳು ಫಾರಿನ್ನಲ್ಲಿದಾರೆ ಅಂತ ಸಾರೋಕೆ. ನಾವಿದ್ದ ಮನೇದು ವಿಮಾನ. ಮನೆ ಮದ್ವೆ ಛತ್ರದಷ್ಟಿದೆ, ಇರೋರು ಅಂಕಲ್ ಆಂಟಿ ಇಬ್ರೇ, ಇಬ್ರು ಮಕ್ಕಳೂ ಕೆನಡಾದಲ್ಲಿ. ಎಂಟು ರೂಮಿಗೆ ಬೀಗ. ನಮಗೆ ದೊಡ್ಡ ಮಗನ ರೂಮ್ ತೆಗೆದ್ರು, ಗೋಡೇಲಿ ಅವನ ಸ್ಕೂಲ್ ಕಬಡ್ಡಿ ಕಪ್ಪು, ಮಂಚದ ಮೇಲಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರ್ಲಿಲ್ಲ. ಒಂದು ರಾತ್ರಿ ಅಂತ ಹೋದೋರು ಮೂರು ರಾತ್ರಿ ಇದ್ವಿ. ಹೊರಡ್ತೀವಿ ಅಂದಾಗೆಲ್ಲ ಆಂಟಿ ಇನ್ನೊಂದು ಪರಾಠ ತರ್ತಿದ್ರು, ಮೇಲೆ ಬೆಣ್ಣೆ ಉಂಡೆ. ಅಂಕಲ್ ನಮ್ ಕಾಫೀನ ಲಸ್ಸಿ ಗ್ಲಾಸಲ್ಲಿ ಕುಡಿದು ಇನ್ನೊಂದು ಕೇಳಿದ್ರು, ಅವತ್ತೊಂದಿನಕ್ಕೇ ಕಾಲು ಕೇಜಿ ಪುಡಿ ಖಾಲಿ. ರಾತ್ರಿ ಹನ್ನೊಂದಕ್ಕೆ ಮಗ ವಿಡಿಯೋ ಕಾಲ್ ಮಾಡ್ದ, ಅಂಕಲ್ ಫೋನ್ ನನ್ ಕಡೆ ತಿರುಗ್ಸಿ, ನೋಡು, ನಿನ್ ರೂಮಲ್ಲಿ ಜನ ಇದಾರೆ ಅಂದ್ರು. ಇವ್ರ ಬಗ್ಗೆ ಕೊನೇಲಿ ಇನ್ನೊಂದು ವಿಷ್ಯ ಇದೆ.

ಜಮ್ಮು ಬಾರ್ಡರಲ್ಲಿ ನನ್ನ ಪ್ರಿಪೇಯ್ಡ್ ಸಿಮ್ ಸತ್ತೋಯ್ತು, ಅಲ್ಲಿಂದಾಚೆ ಹೊರಗಿನ ಪ್ರಿಪೇಯ್ಡ್ ನಡೆಯಲ್ಲ, ಪೋಸ್ಟ್‌ಪೇಯ್ಡ್ ಬೇಕು, ನೀನು ಬರೋದಾದ್ರೆ ಮೊದಲೇ ಮಾಡ್ಸ್ಕೋ. ಬನಿಹಾಲ್ ಸುರಂಗ ಎಂಟೂವರೆ ಕಿಲೋಮೀಟರ್ ಹತ್ರ ಇದೆ, ಆಚೆ ಬಂದ್ರೆ ಕಾಶ್ಮೀರ ಕಣಿವೆ, ಗಾಳೀನೇ ಬೇರೆ. ಪಾಂಪೋರಲ್ಲಿ ಉಳ್ಕೊಂಡ್ವಿ, ಕೇಸರಿ ಬೆಳೆಯೋ ಊರು, ಆದ್ರೆ ಹೂವು ಬಿಡೋದು ಅಕ್ಟೋಬರ್ ಕೊನೇಲಿ, ನಮಗೆ ಕಂಡಿದ್ದು ಒಣ ಮಣ್ಣು. ಮನೆ ತುಂಬಾ ಕಂಬಳಿ, ಕುರ್ಚಿ ಇಲ್ಲ, ಊಟಕ್ಕೆ ಮುಂಚೆ ಮನೆ ಹುಡುಗ ಜಗ್ಗು ಬೇಸಿನ್ನು ಹಿಡ್ಕೊಂಡು ಎಲ್ರ ಹತ್ರ ಬಂದು ಕೈಗೆ ನೀರು ಹಾಕ್ದ. ನಾನು ಎದ್ದು ಸಿಂಕ್ ಹುಡುಕೋಕೆ ಹೋದೆ, ಕೂರ್ಸಿದ್ರು. ನರ್ಮದೆಯ ಪಾಠ ನೆನಪಾಗಿ ಸುಮ್ನೆ ಕೈ ಚಾಚಿದೆ. ಅವ್ರ ನೂನ್ ಚಾಯ್ ನೋಡೋಕೆ ಗುಲಾಬಿ ಬಣ್ಣ, ಬಾಯಿಗಿಟ್ರೆ ಉಪ್ಪು. ನಾನು ಅವ್ರ ಟೀ ಒಂದು ಗುಟುಕು ಕುಡಿದು ನಕ್ಕೆ, ಹಿರಿಯರು ನಮ್ ಕಾಫಿ ಒಂದು ಗುಟುಕು ಕುಡಿದು ನಕ್ರು, ಇಬ್ರೂ ಲೋಟ ಕೆಳಗಿಟ್ವಿ. ಬೆಳಿಗ್ಗೆ ಬೇಕರಿಯಿಂದ ಬಿಸಿ ರೊಟ್ಟಿ ತರೋಕೆ ನನ್ನೂ ಕರ್ಕೊಂಡು ಹೋದ್ರು, ಅಲ್ಲಿ ಬೆಳಗಿನ ರೊಟ್ಟಿ ಸಾಮಾನ್ಯವಾಗಿ ಮನೇಲಿ ಮಾಡಲ್ಲ, ಕಾಂದೂರ್ ಅಂದ್ರೆ ರೊಟ್ಟಿ ಸುಡೋನು, ಅವನ ಅಂಗಡಿಯಿಂದ್ಲೇ ತರೋದು.

ಲಡಾಖ್‌ಗೆ ದಾಟೋ ಜೋಜಿಲಾ ಘಾಟಿ ಬಗ್ಗೆ ಕೇಳ್ಬೇಡ, ನಮ್ಮವಳು ಪೂರ್ತಿ ಕಣ್ಮುಚ್ಚಿ ಕೂತಿದ್ಲು, ನಂಗೂ ಮುಚ್ಕೋಬೇಕು ಅನ್ನಿಸ್ತು. ಲೇಹಲ್ಲಿ ಎರಡು ದಿನ ಏನೂ ಮಾಡದೆ ಬಿದ್ಕೊಂಡಿದ್ವಿ, 3,500 ಮೀಟರ್ ಎತ್ತರ, ಮೆಟ್ಲು ಹತ್ತಿದ್ರೆ ಎದೆ ಡಬಡಬ.

ಆಮೇಲೆ ರುಂಬಕ್. ಹೆಮಿಸ್ ನ್ಯಾಷನಲ್ ಪಾರ್ಕ್ ಒಳಗಿರೋ ಹಳ್ಳಿ, ಬೆರಳಲ್ಲಿ ಎಣಿಸೋವಷ್ಟು ಮನೆ, ಕಾರು ಕೆಳಗೇ ಬಿಟ್ಟು ಹಳ್ಳದ ಪಕ್ಕ ನಡೆದು ಹೋದ್ವಿ. ಇಲ್ಲಿ ವ್ಯವಸ್ಥೇನೇ ಬೇರೆ. ಮುಂಚೆ ಹಿಮಚಿರತೆ ಕೊಟ್ಟಿಗೆಗೆ ನುಗ್ಗಿ ಕುರಿ ಕೊಂದ್ರೆ ಊರೋರು ಅದನ್ನ ಕೊಲ್ತಿದ್ರು, ಬೇರೇನ್ ಮಾಡ್ತಾರೆ, ಇಡೀ ವರ್ಷದ ಬದುಕು ಹೋಗಿರುತ್ತೆ. ಸ್ನೋ ಲೆಪರ್ಡ್ ಕನ್ಸರ್ವೆನ್ಸಿ ಅನ್ನೋ ಸಂಸ್ಥೆಯೋರು ಬಂದು ಹೋಮ್‌ಸ್ಟೇ ಶುರು ಮಾಡೋಕೆ ಸಹಾಯ ಮಾಡಿದ್ರು, ಈಗ ಅದೇ ಚಿರತೆ ನೋಡೋಕೆ ಚಳಿಗಾಲದಲ್ಲಿ ಜನ ಬರ್ತಾರೆ, ಮನೆಗಳಿಗೆ ಸರದಿ ಪ್ರಕಾರ ಗೆಸ್ಟ್ ಹಂಚ್ತಾರೆ. ನೀನು ಇಂಥಾ ಮನೇನೇ ಬೇಕು ಅಂತ ಆರಿಸೋ ಹಂಗಿಲ್ಲ, ಇವತ್ತು ಯಾರ ಸರದಿಯೋ ಅವ್ರ ಮನೆ. ರೇಟು ಫಿಕ್ಸು. ನಂಗಂತೂ ಅದು ಬಹಳ ಹಿಡಿಸ್ತು. ದುಡ್ಡು ಬಂದ್ರೆ ಪ್ರೀತಿ ಹೋಗುತ್ತೆ ಅಂತಾರಲ್ಲ, ಸುಳ್ಳು ಕಣೋ. ಬರ್ಮಾನಲ್ಲಿ ದುಡ್ಡು ಕೊಟ್ಟಿದ್ದು ಎಷ್ಟು ತಪ್ಪೋ ಇಲ್ಲಿ ಕೊಡದೇ ಇದ್ರೆ ಅಷ್ಟೇ ತಪ್ಪು.

ನಮ್ಮ ಸರದಿ ಮನೆ ಅಮಾಲೆದು (ಅಮಾ ಅಂದ್ರೆ ಅಮ್ಮ, ಲೆ ಅಂದ್ರೆ ನಮ್ಮ "ರೀ" ಥರ). ಟಾಯ್ಲೆಟ್ ಅಂದ್ರೆ ಮಹಡಿ ಮೇಲೊಂದು ರೂಮು, ನೆಲದಲ್ಲೊಂದು ತೂತು, ಪಕ್ಕ ಮಣ್ಣಿನ ರಾಶಿ, ಸಲಿಕೆ. ನೀರಿಲ್ಲ. ಮುಗಿದ್ಮೇಲೆ ಎರಡು ಸಲಿಕೆ ಮಣ್ಣು ಎಳೀಬೇಕು, ವರ್ಷ ಆದ್ಮೇಲೆ ಅದೇ ಗೊಬ್ಬರ ಬಾರ್ಲಿ ಹೊಲಕ್ಕೆ. ವಾಸನೆ ನಮ್ಮ ಮೆಜೆಸ್ಟಿಕ್ಕಿಗಿಂತ ನೂರು ಪಾಲು ಕಮ್ಮಿ. ಮನೇಲಿ ನಡುಮನೆಗಿಂತ ದೊಡ್ಡದು ಅಡುಗೆಮನೆ, ಮಧ್ಯೆ ಒಲೆ, ಒಂದು ಗೋಡೆ ಪೂರ್ತಿ ಶೆಲ್ಫು, ಅದರಲ್ಲಿ ತಾಮ್ರ ಹಿತ್ತಾಳೆ ಪಾತ್ರೆ ದೇವ್ರ ಮನೇಲಿ ಜೋಡಿಸ್ದಂಗೆ ಜೋಡಿಸಿದಾರೆ, ಅತ್ತೆಯಿಂದ ಬಂದಿದ್ದು, ಅತ್ತೆಯ ಅತ್ತೆಯಿಂದ ಬಂದಿದ್ದು. ಫಿಲ್ಟರ್ ತೆಗೆದೆ ನೋಡು, ಅಮಾಲೆ ಕಣ್ಣು ಅದರ ಮೇಲೇ. ಅಲ್ಲಿ ನೀರು ತೊಂಬತ್ತು ಡಿಗ್ರಿಗೂ ಮುಂಚೇನೇ ಕುದ್ದುಬಿಡುತ್ತೆ, ಅಕ್ಕಿ ಕುಕ್ಕರ್ ಇಲ್ದೆ ಬೇಯಲ್ಲ, ಡಿಕಾಕ್ಷನ್ ಕೂಡ ಪೇಲವ. ಅಮಾಲೆ ಕುಡಿದು ಮುಖ ಹುಳ್ಳಗೆ ಮಾಡ್ಕೊಂಡ್ರು, ಆದ್ರೆ ಫಿಲ್ಟರ್ ಕೈಯಿಂದ ಬಿಡ್ಲಿಲ್ಲ. ಮೇಲಿನ ಡಬ್ಬ ಎತ್ತಿ, ತೂತು ಬೆಳಕಿಗೆ ಹಿಡಿದು, ಮತ್ತೆ ಕೂರ್ಸಿ, ಬೂದಿ ಹಾಕಿ ಉಜ್ಜಿ ಉಜ್ಜಿ ಫಳಫಳ ಮಾಡಿದ್ರು. ಯಾರ್ದು ಅಂತ ಸನ್ನೆ ಮಾಡಿ ಕೇಳಿದ್ರು. ನನ್ ಗೆಳೆಯನ ಅಮಾಲೆದು ಅಂದೆ. ಅವ್ರಿಗೆ ಅದು ಅರ್ಥ ಆಯ್ತು.

ಎರಡನೇ ದಿನ ಹೊರಡುವಾಗ ಅದನ್ನ ತೊಳೆದು ಒರೆಸಿ ನನ್ನ ಬ್ಯಾಗ್ ಮೇಲೆ ಇಟ್ಟಿದ್ರು. ನಾನೇ ತೆಗೆದು ಶೆಲ್ಫಲ್ಲಿ ಎರಡು ತಾಮ್ರದ ಪಾತ್ರೆ ಮಧ್ಯೆ ಇಟ್ಬಂದೆ. ಅಮಾಲೆ ಏನೂ ಹೇಳ್ಲಿಲ್ಲ, ಅದನ್ನ ಎರಡಿಂಚು ಬಲಕ್ಕೆ ಸರಿಸಿದ್ರು, ಅಷ್ಟೇ. ಕೆಳಗಿಳಿಯುವಾಗ ನಮ್ಮವಳು, "ನಿಮ್ಮಪ್ಪನ ಮನೀದೇನದು, ಹಂಗ ಕೊಟ್ ಬರ್ಲಿಕ್ಕೆ" ಅಂದ್ಲು. ಸರಿಯಾಗೇ ಕೇಳಿದ್ಲು. ಅದಕ್ಕೇ ಬರೀತಿದೀನಿ. ಅಮ್ಮಂಗೆ ನಾನೇ ಬಂದು ಎದುರಿಗೆ ನಿಂತು ಹೇಳ್ತೀನಿ.

ಇನ್ನು ಆ ಪಂಜಾಬಿ ಅಂಕಲ್ ಆಂಟಿ ವಿಷ್ಯ. ಡಿಸೆಂಬರಲ್ಲಿ ಬೆಂಗ್ಳೂರಿಗೆ ಬರ್ತಾವ್ರೆ, ಟ್ರೈನ್ ಟಿಕೆಟ್ ಮಾಡ್ಸಾಯ್ತು, ನಿನ್ನೆ ಫೋನ್ ಮಾಡಿದ್ರು. ನಮ್ಮದು ಒಂದೇ ಬೆಡ್‌ರೂಮ್, ನಿಂಗೊತ್ತು. ನಿಮ್ಮನೆ ಮೇಲಿನ ರೂಮ್ ಖಾಲಿ ಇದೆ, ಬಿಸಿನೀರಿದೆ ಅಂತ ಹೇಳ್ಬಿಟ್ಟಿದೀನಿ. ಹತ್ತು ದಿನ. ಅಂಕಲ್ ಬೆಳಿಗ್ಗೆ ಐದಕ್ಕೇ ಏಳ್ತಾರೆ, ಜೋರಾಗಿ ಮಾತಾಡ್ತಾರೆ, ದೊಡ್ಡ ಲೋಟ ರೆಡಿ ಇಟ್ಟಿರು. ಗೀಸರ್ ಕಾಯಿಲ್ ಹೋಗಿದೆ ಅಂತಿದ್ಯಲ್ಲ, ಅಷ್ಟರಲ್ಲಿ ಹಾಕ್ಸು. ಮತ್ತೆ ಹೊರಡುವಾಗ ಅವ್ರು ದಿಂಬಿನ ಕೆಳಗೆ ಏನಾದ್ರೂ ಇಟ್ಟಿದಾರಾ ಅಂತ ನೋಡು.

ಇತಿ ನಿನ್ನ
ಲಂಬು